ಅಪ್ಪನ ಎಪ್ಪತ್ತಕ್ಕೆ ಮಸಾಯಿ ಮಾರಾ: ಸಲಹೆಗಾರರಿಗೆ ಕೊಡುವ ಶುಲ್ಕ ದಂಡವೇ?

ಪ್ರಶ್ನೆ: ನಮ್ಮೂರು ಶಿವಮೊಗ್ಗ, ನನ್ನ ಕೆಲಸ ಬೆಂಗಳೂರಿನಲ್ಲಿ. ಬರುವ ವರ್ಷ ಅಪ್ಪನಿಗೆ ಎಪ್ಪತ್ತು ತುಂಬುತ್ತದೆ. ಭೀಮರಥ ಶಾಂತಿ ಮುಗಿಸಿ ಆಗಸ್ಟ್‌ನಲ್ಲಿ ಅಪ್ಪ-ಅಮ್ಮನನ್ನು ಕೀನ್ಯಾದ ಮಸಾಯಿ ಮಾರಾಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು ಸೇರಿ ಐದು ಜನ. ಅಪ್ಪನಿಗೆ ಕಾಡು ಎಂದರೆ ಪ್ರಾಣ, ಕಬಿನಿಗೆ ಎಷ್ಟು ಸಲ ಹೋಗಿದ್ದಾರೋ ಲೆಕ್ಕವಿಲ್ಲ. ಅಮ್ಮನಿಗೆ 67 ವರ್ಷ, ಮಂಡಿ ಆಪರೇಷನ್ ಆಗಿದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಈರುಳ್ಳಿ-ಬೆಳ್ಳುಳ್ಳಿ ಮುಟ್ಟುವುದಿಲ್ಲ. ಒಬ್ಬ ಪ್ರವಾಸ ಸಲಹೆಗಾರರು ಬರೀ ಯೋಜನೆ ಮಾಡಿಕೊಡಲು 40,000 ರೂಪಾಯಿ ಶುಲ್ಕ, ಅದೂ ವಾಪಸ್ ಇಲ್ಲ ಎಂದಿದ್ದಾರೆ. ಎಲ್ಲವನ್ನೂ ಫೋನಿನಲ್ಲೇ ಬುಕ್ ಮಾಡಬಹುದಾದಾಗ ಇದನ್ನು ಕೊಡಬೇಕೇ?

ಉತ್ತರ: ಶುಲ್ಕದ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಹಳದಿ ಜ್ವರದ ಮಾತು ಆಗಬೇಕು.

ಕೀನ್ಯಾದಿಂದ ಭಾರತಕ್ಕೆ ಮರಳುವಾಗ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ಸೀದಾ ಕ್ವಾರಂಟೈನ್, ಆರು ದಿನದವರೆಗೆ. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ, ಆಮೇಲೆ ಅದು ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುವ ಲಸಿಕೆ ಇದು. ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ಹೇಳದೆ ಬಿಡುವುದು ಮುಂದಿನ ಮಾತನ್ನು: ಇದು ಜೀವಂತ ವೈರಸ್‌ನಿಂದ ಮಾಡಿದ ಲಸಿಕೆ. 60 ದಾಟಿದವರು ಮೊದಲ ಸಲ ಹಾಕಿಸಿಕೊಂಡಾಗ ತೀವ್ರ ಅಡ್ಡಪರಿಣಾಮದ ಸಾಧ್ಯತೆ ಕಿರಿಯರಿಗಿಂತ ಹೆಚ್ಚು. ಅಪರೂಪವೇ, ಆದರೆ ಆದಾಗ ಗಂಭೀರ. ನಿಮ್ಮ ಅಪ್ಪ-ಅಮ್ಮ ಇಬ್ಬರೂ ಆ ವಯಸ್ಸಿನವರು. ಹಾಗಾಗಿ ಟಿಕೆಟ್, ಮುಂಗಡ, ಶುಲ್ಕ ಎಲ್ಲದಕ್ಕೂ ಮೊದಲು ಅವರ ಆರೋಗ್ಯದ ಪೂರ್ತಿ ಚರಿತ್ರೆ ಗೊತ್ತಿರುವ ವೈದ್ಯರ ಮುಂದೆ ಅವರನ್ನು ಕೂರಿಸಿ. ಮಾರಾ ಮಲೇರಿಯಾ ಇರುವ ಜಾಗ, ಆ ಮಾತ್ರೆಯ ಬಗ್ಗೆಯೂ ಅದೇ ದಿನ ಕೇಳಿ.

ವೈದ್ಯರು ಬೇಡವೆಂದರೆ ಆಫ್ರಿಕಾದ ಕನಸೇ ಮುಗಿಯಿತೆಂದು ಅಂದುಕೊಳ್ಳಬೇಡಿ. ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ ಹಳದಿ ಜ್ವರದ ದೇಶಗಳಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಅಂಟಿಕೊಂಡಿರುವ ಸಾಬಿ ಸ್ಯಾಂಡ್‌ನಲ್ಲಿ ಚಿರತೆ ಕಾಣುವ ಹಾಗೆ ಬೇರೆಲ್ಲೂ ಸುಲಭಕ್ಕೆ ಕಾಣುವುದಿಲ್ಲ. ಅಲ್ಲಿಂದ ದೂರ ಪಶ್ಚಿಮಕ್ಕೆ ಬೋಟ್ಸ್ವಾನಾ ಗಡಿಯಲ್ಲಿರುವ ಮಡಿಕ್ವೆಯಲ್ಲಿ ಮಲೇರಿಯಾದ ಕಾಟವೂ ಇಲ್ಲ. ಆದರೆ ದಾರಿ ಮೇಲೆ ಕಣ್ಣಿರಲಿ: ಅಗ್ಗದ ಟಿಕೆಟ್ ಸಿಕ್ಕಿತೆಂದು ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹೋಗಿ, ಅಲ್ಲಿ ತುಂಬಾ ಹೊತ್ತು ಕಾಯುವ ಹಾಗಾದರೆ ಅದೇ ಲಸಿಕೆಯ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ದುಬೈ ಮೂಲಕ ಹೋದರೆ ಆ ತಲೆನೋವಿಲ್ಲ.

ಈಗ ನೀವೇ ನೆನಪಿಸಿಕೊಳ್ಳಿ. 40,000 ಕೇಳಿದ ಆ ಸಲಹೆಗಾರರು ಅಪ್ಪ-ಅಮ್ಮನ ವಯಸ್ಸು ಕೇಳಿದರೇ? ಲಸಿಕೆಯ ಮಾತೆತ್ತಿದರೇ? ಎತ್ತಿದ್ದರೆ ಅವರು ಆಗಲೇ ಶುಲ್ಕಕ್ಕೆ ತಕ್ಕ ಕೆಲಸ ಶುರು ಮಾಡಿದ್ದಾರೆ. ವಯಸ್ಸೂ ಕೇಳದೆ ಮೂರು ಹೋಟೆಲಿನ ಫೋಟೊ ಕಳಿಸಿದ್ದರೆ ನಲವತ್ತು ಸಾವಿರ ಹಾಗಿರಲಿ, ನಾಲ್ಕು ಸಾವಿರವೂ ಹೆಚ್ಚು.

ನಾನು ಇದೇ ಕೆಲಸದಲ್ಲಿರುವವನು, ನಾನೂ ಯೋಜನಾ ಶುಲ್ಕ ತೆಗೆದುಕೊಳ್ಳುತ್ತೇನೆ. ಅದು ನಿಮಗೆ ಗೊತ್ತಿರಲಿ. ಸಲಹೆಗಾರರಿಗೆ ದುಡ್ಡು ಬರುವುದು ಮೂರು ದಾರಿಯಿಂದ. ಒಂದು, ನಿಮ್ಮಿಂದ ನೇರ ಶುಲ್ಕ. ಎರಡು, ಹೋಟೆಲು ಕೊಡುವ ಕಮಿಷನ್, ಸಾಮಾನ್ಯವಾಗಿ ಶೇ 10ರ ಆಸುಪಾಸು. ಮೂರನೆಯದು ಸಫಾರಿ ವ್ಯವಹಾರದಲ್ಲಿ ಹೆಚ್ಚು: ಕ್ಯಾಂಪಿನವರು ಏಜೆಂಟರಿಗೆ ‘ನೆಟ್ ರೇಟ್’ ಕೊಡುತ್ತಾರೆ, ಹೊರಗಿನವರಿಗೆ ಹೇಳುವ ‘ರ್‍ಯಾಕ್ ರೇಟ್’ ಅದಕ್ಕಿಂತ ಮೇಲೆ, ನಡುವಿನ ಅಂತರ ಏಜೆಂಟರ ಪಾಲು. ಇದರಲ್ಲಿ ಮೋಸವೇನೂ ಇಲ್ಲ. ಬಹಳ ಸಲ ನೀವೇ ನೇರ ಬುಕ್ ಮಾಡಿದರೂ ಕೊಡುವುದು ಅದೇ ರ್‍ಯಾಕ್ ರೇಟನ್ನೇ. ಆದರೆ ಶುಲ್ಕವನ್ನೇ ತೆಗೆದುಕೊಳ್ಳದ ಸಲಹೆಗಾರನ ಕೈ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಹೆಚ್ಚು ಅಂತರ ಉಳಿಯುವ ಕ್ಯಾಂಪಿನ ಕಡೆಗೆ ವಾಲುತ್ತದೆ. ಶುಲ್ಕ ಕೊಟ್ಟಾಗ ನಿಮಗೆ ಒಂದು ಹಕ್ಕು ಬರುತ್ತದೆ: ‘ಈ ಕ್ಯಾಂಪೇ ಯಾಕೆ, ಪಕ್ಕದ್ದು ಯಾಕೆ ಬೇಡ’ ಎಂದು ಕೇಳಿ, ಉತ್ತರ ಸಿಗುವವರೆಗೂ ಬಿಡದಿರುವ ಹಕ್ಕು. ಬುಕಿಂಗ್ ಅವರ ಮೂಲಕವೇ ಮಾಡಿದರೆ ಶುಲ್ಕವನ್ನು ಒಟ್ಟು ಬಿಲ್ಲಿನಲ್ಲಿ ವಜಾ ಮಾಡುತ್ತಾರೆಯೇ ಎಂದೂ ಕೇಳಿ. ಕೆಲವರು ಮಾಡುತ್ತಾರೆ.

ಆ ದುಡ್ಡಿಗೆ ಏನು ಸಿಗಬೇಕು ಎಂಬುದಕ್ಕೆ ನಿಮ್ಮ ಪ್ರವಾಸವನ್ನೇ ತೆಗೆದುಕೊಳ್ಳೋಣ.

ಜಾಲತಾಣದಲ್ಲಿ ‘ಮಸಾಯಿ ಮಾರಾ ಐಷಾರಾಮಿ ಕ್ಯಾಂಪ್’ ಎಂದು ಹುಡುಕಿದರೆ ಈಜುಕೊಳ, ತಾಮ್ರದ ಬಾತ್‌ಟಬ್, ಬಿಳಿ ಪರದೆಯ ಮಂಚ ಇವೇ ಕಣ್ಣಿಗೆ ರಾಚುತ್ತವೆ. ಕ್ಯಾಂಪು ಯಾವ ನೆಲದ ಮೇಲಿದೆ ಎಂಬುದು ಫೋಟೊದಲ್ಲಿ ಕಾಣುವುದಿಲ್ಲ, ಆದರೆ ನಿಮ್ಮ ಅಪ್ಪನ ಪಾಲಿಗೆ ಅದೇ ಎಲ್ಲ. ಮಾರಾ ರಾಷ್ಟ್ರೀಯ ಮೀಸಲು ಪ್ರದೇಶ ಸುಮಾರು 1,510 ಚದರ ಕಿ.ಮೀ. ಅದರ ಉತ್ತರಕ್ಕೆ, ಪೂರ್ವಕ್ಕೆ ನಾಬೊಯಿಶೋ, ಒಲಾರೆ ಮೊಟೊರೊಗಿ, ಮಾರಾ ನಾರ್ತ್ ಎಂಬ ಕನ್ಸರ್ವೆನ್ಸಿಗಳಿವೆ. ಮಸಾಯಿ ಕುಟುಂಬಗಳು ತಮ್ಮ ಹುಲ್ಲುಗಾವಲನ್ನು ವನ್ಯಜೀವಿಗಳಿಗಾಗಿ ಗುತ್ತಿಗೆ ಕೊಟ್ಟು, ಅದರ ಬಾಡಿಗೆ ಪಡೆಯುವ ವ್ಯವಸ್ಥೆ ಇದು. ಅಲ್ಲಿ ತಂಗಿದವರ ಬಿಟ್ಟು ಬೇರೆಯವರ ವಾಹನಕ್ಕೆ ಪ್ರವೇಶವಿಲ್ಲ. ಒಂದು ಪ್ರಾಣಿಯ ಹತ್ತಿರ ಎಷ್ಟು ವಾಹನ ನಿಲ್ಲಬಹುದು ಎಂಬುದಕ್ಕೆ ಮಿತಿ ಇದೆ. ದಾರಿ ಬಿಟ್ಟು ಹುಲ್ಲಿನೊಳಗೆ ಇಳಿಯಬಹುದು, ರಾತ್ರಿ ಸಫಾರಿ ಮಾಡಬಹುದು. ಮೀಸಲು ಪ್ರದೇಶದೊಳಗೆ ರಾತ್ರಿ ಓಡಾಟ ಇಲ್ಲ, ಆಗಸ್ಟ್‌ನಲ್ಲಿ ಒಂದು ಸಿಂಹದ ಸುತ್ತ ವಾಹನಗಳ ಜಾತ್ರೆ.

ಹಾಗೆಂದು ಮೀಸಲು ಪ್ರದೇಶವನ್ನು ಬಿಟ್ಟೇಬಿಡುವ ಹಾಗೂ ಇಲ್ಲ, ಹುಲ್ಲು ಹುಡುಕಿ ಹಿಂಡುಹಿಂಡಾಗಿ ವಲಸೆ ಹೋಗುವ ಕಾಡುಪ್ರಾಣಿಗಳಾದ ವಿಲ್ಡಬೀಸ್ಟ್‌ಗಳು ಮಾರಾ ನದಿ ದಾಟುವುದು ಅಲ್ಲಿಯೇ. 2024ರಿಂದ ಅಲ್ಲಿನ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಟಿಕೆಟ್ ನಡೆಯುವುದು ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ಆಗಸ್ಟ್‌ನಲ್ಲಿ ನೀವು ನಾಲ್ವರು ದೊಡ್ಡವರಿಗೇ ದಿನಕ್ಕೆ 800 ಡಾಲರ್, ಮಗಳ ಟಿಕೆಟ್ ಬೇರೆ. ಇದು ಕ್ಯಾಂಪಿನ ದರದಲ್ಲಿ ಸೇರಿದೆಯೋ ಇಲ್ಲವೋ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ. ನಾನಾಗಿದ್ದರೆ ನಾಲ್ಕು ರಾತ್ರಿ ಕನ್ಸರ್ವೆನ್ಸಿಯಲ್ಲಿಟ್ಟು, ನಡುವೆ ಒಂದೇ ಒಂದು ಇಡೀ ದಿನ ನದಿಗೆ ಕರೆದೊಯ್ಯಲು ಹೇಳುತ್ತಿದ್ದೆ.

ಒಂದು ಬೆಳಗು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಹಾಸನ ಕಡೆಯ ನಿವೃತ್ತ ಮೇಷ್ಟರೊಬ್ಬರ ಕುಟುಂಬದ ಜೊತೆ ನಾನೂ ನಾಬೊಯಿಶೋಗೆ ಹೋಗಿದ್ದೆ. ಎರಡು ಗಂಟೆ ಸುತ್ತಿದರೂ ಕಂಡದ್ದು ಬರೀ ಹುಲ್ಲು. ಆಗ ಗೈಡ್ ಎಂಜಿನ್ ಆರಿಸಿದ. ದೂರದಲ್ಲಿ ಒಂದು ಹುತ್ತ, ಅದರ ಮೇಲೆ ಟೋಪಿ ಎಂಬ ಜಿಂಕೆಯ ಜಾತಿಯ ಪ್ರಾಣಿ, ಕೆಳಗೆ ಇನ್ನೆರಡು. ಮೂರೂ ಒಂದೇ ದಿಕ್ಕಿಗೆ ಮುಖ ಮಾಡಿ ಕಲ್ಲಾಗಿ ನಿಂತಿದ್ದವು. ಮೇಷ್ಟರು ಪಿಸುಗುಟ್ಟಿದರು: ‘ನಮ್ಮ ಕಡವೆನೂ ಹಿಂಗೇ ನೋಡ್ತದೆ.’ ಭಾಷೆ ಬರದ ಆ ಗೈಡ್ ಅವರತ್ತ ತಿರುಗಿ ತಲೆಯಾಡಿಸಿದ. ಫ್ಲಾಸ್ಕಿನ ಚಹಾ ಕುಡಿಯುತ್ತಾ ಸುಮಾರು ಮುಕ್ಕಾಲು ಗಂಟೆ ಕಾದೆವು. ಆಮೇಲೆ ಹುಲ್ಲು ಅಲುಗಿತು, ಚೀತಾ ಎದ್ದು ನಿಂತಿತು, ಅದರ ಹಿಂದೆ ಎರಡು ಮರಿಗಳು. ಬೇರೆ ಒಂದೇ ಒಂದು ವಾಹನ ಇರಲಿಲ್ಲ. ಕಬಿನಿಯಲ್ಲಿ ಮುಸಿಯನ ಕೂಗಿಗೆ ಕಿವಿಗೊಟ್ಟು ಕೂತು ಅಭ್ಯಾಸವಿರುವ ನಿಮ್ಮ ಅಪ್ಪನಿಗೆ ಬೇಕಾಗಿರುವುದು ಇಂಥ ಮುಕ್ಕಾಲು ಗಂಟೆ.

ಅದು ಕೊಂಡುಕೊಂಡದ್ದೇ, ಅದೃಷ್ಟಕ್ಕೆ ಬಿಟ್ಟದ್ದಲ್ಲ. ಆ ಕುಟುಂಬಕ್ಕೆ ನಾನು ಎರಡು ವಿಷಯದಲ್ಲಿ ಹಟ ಹಿಡಿದಿದ್ದೆ. ಒಂದು, ಖಾಸಗಿ ವಾಹನ. ಎಷ್ಟೇ ದುಬಾರಿ ಕ್ಯಾಂಪಾದರೂ ಸಾಮಾನ್ಯವಾಗಿ ವಾಹನ ಬೇರೆ ಅತಿಥಿಗಳ ಜೊತೆ ಹಂಚಿಕೆ. ಪಕ್ಕದವರಿಗೆ ಸಿಂಹ ಬೇಕು, ಅವರು ಚೀತಾಗೆ ಕಾಯುವುದಿಲ್ಲ. ನಿಮ್ಮ ಅಮ್ಮನಿಗೆ ಹೊತ್ತಿಗೆ ಸರಿಯಾಗಿ ತಿಂಡಿ ಆಗಬೇಕು, ನಡುವೆ ಇಳಿಯಬೇಕಾಗುತ್ತದೆ, ಅದನ್ನು ಅಪರಿಚಿತರ ಮುಂದೆ ಕೇಳಲು ಅವರು ಸಂಕೋಚಪಡುತ್ತಾರೆ. ರೂಮಿನ ದರ್ಜೆ ಒಂದು ಮೆಟ್ಟಿಲು ಇಳಿಸಿಯಾದರೂ ಖಾಸಗಿ ವಾಹನ ತೆಗೆದುಕೊಳ್ಳಿ. ಎರಡು, ಗೈಡ್. ಕೀನ್ಯಾ ಪ್ರೊಫೆಷನಲ್ ಸಫಾರಿ ಗೈಡ್ಸ್ ಅಸೋಸಿಯೇಷನ್ ಗೈಡ್‌ಗಳಿಗೆ ಪರೀಕ್ಷೆ ಮಾಡಿ ಕಂಚು, ಬೆಳ್ಳಿ, ಚಿನ್ನ ಎಂದು ದರ್ಜೆ ಕೊಡುತ್ತದೆ. ಚಿನ್ನದವರು ಬೆರಳೆಣಿಕೆ. ಬೆಳ್ಳಿ ದರ್ಜೆಯವರನ್ನೇ ಕೊಡಿ, ಹಕ್ಕಿಗಳ ಬಗ್ಗೆ ಆಸಕ್ತಿ ಇರುವವರಾದರೆ ಒಳ್ಳೆಯದು ಎಂದು ಬುಕಿಂಗ್ ಮಾಡುವಾಗಲೇ ಬರೆಸಬೇಕು. ಇದು ವೆಬ್‌ಸೈಟಿನ ಯಾವ ಬಟನ್ನಿನಲ್ಲೂ ಸಿಗುವುದಿಲ್ಲ. ಕ್ಯಾಂಪಿನ ವ್ಯವಸ್ಥಾಪಕರ ಪರಿಚಯವಿರುವವರು ಕೇಳಿದರೆ ಸಿಗುತ್ತದೆ.

ನೈರೋಬಿಯಿಂದ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆ. ಕೊನೆಯ ಭಾಗ ಬೆನ್ನಿಗೂ ಮಂಡಿಗೂ ಸುಖವಲ್ಲ. ವಿಲ್ಸನ್ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಮುಕ್ಕಾಲು ಗಂಟೆ, ಅಮ್ಮನಿಗೋಸ್ಕರ ಇದನ್ನೇ ಮಾಡಿ. ಆದರೆ ಅದರಲ್ಲಿ ಒಬ್ಬರಿಗೆ ಕೈಚೀಲವೂ ಸೇರಿ 15 ಕೆ.ಜಿ. ಮಾತ್ರ, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಗಟ್ಟಿ ಸೂಟ್‌ಕೇಸ್ ವಿಮಾನದ ಹೊಟ್ಟೆಯೊಳಗೆ ಹೋಗುವುದೇ ಇಲ್ಲ. ಇನ್ನೊಂದು ಮಾತು ನಿಮ್ಮ ಮನೆಯ ಹೆಂಗಸರಿಗೆ ಈಗಲೇ ಹೇಳಿಡಿ: ಕೀನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ಚಟ್ನಿಪುಡಿ, ಅವಲಕ್ಕಿ, ಮಾತ್ರೆ ಎಲ್ಲವನ್ನೂ ಕವರಿನಲ್ಲಿ ಸುತ್ತಿ ಮೇಲೆ ಇನ್ನೊಂದು ಕವರ್ ಹಾಕುವ ನಮ್ಮ ಪದ್ಧತಿ ಅಲ್ಲಿ ನಡೆಯದು. ಸ್ಟೀಲ್ ಡಬ್ಬಿ, ಬಟ್ಟೆ ಚೀಲ ತೆಗೆದಿಡಿ. ಆಗಸ್ಟ್ ಬೆಳಗಿನಲ್ಲಿ ತೆರೆದ ವಾಹನದಲ್ಲಿ ಕೂರುವಾಗ ಚಳಿ ಚೆನ್ನಾಗಿಯೇ ಇರುತ್ತದೆ, ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಸ್ವೆಟರ್ ಬಿಟ್ಟುಹೋಗಬೇಡಿ.

ಊಟದ ಬಗ್ಗೆ ನೀವು ಹೆದರುವಷ್ಟು ಹೆದರಬೇಕಿಲ್ಲ. 1896ರಿಂದ 1901ರ ನಡುವೆ ಉಗಾಂಡಾ ರೈಲುಮಾರ್ಗ ಹಾಕಲು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಕಾರರು ಹೋಗಿದ್ದರು, ಅವರ ಹಿಂದೆ ವ್ಯಾಪಾರಿಗಳು ಹೋದರು. ಚಪಾತಿ, ಸಮೋಸಾ ಈಗ ಕೀನ್ಯಾದವರ ಮನೆಯೂಟ, ಸ್ವಾಹಿಲಿಯಲ್ಲೂ ಚಪಾತಿಯೇ. ಒಳ್ಳೆಯ ಕ್ಯಾಂಪಿನ ಅಡುಗೆಯವರಿಗೆ ಸಸ್ಯಾಹಾರ ಹೊಸದಲ್ಲ. ಆದರೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಅಡುಗೆ ಎಂದರೆ ಮೊದಲೇ ಬರೆದು ತಿಳಿಸಬೇಕು. ‘ಸಸ್ಯಾಹಾರಿ’ ಎಂದಷ್ಟೇ ಬರೆದರೆ ಸೂಪಿನಲ್ಲಿ ಬೆಳ್ಳುಳ್ಳಿ ಬಂದೇ ಬರುತ್ತದೆ. ನನ್ನ ಪ್ರಶ್ನಾವಳಿಯಲ್ಲಿ ಏಕಾದಶಿ ಮಾಡುತ್ತೀರಾ ಎಂಬ ಪ್ರಶ್ನೆಯೂ ಇದೆ. ಪ್ರವಾಸದ ನಡುವೆ ಏಕಾದಶಿ ಬಂದರೆ ಆ ದಿನ ಇನ್ಸುಲಿನ್ ತೆಗೆದುಕೊಳ್ಳುವವರು ಏನು ಮಾಡಬೇಕೆಂದು ವೈದ್ಯರನ್ನು ಕೇಳಿಟ್ಟುಕೊಳ್ಳಬೇಕು, ಅಡುಗೆಯವರಿಗೆ ಹಣ್ಣು-ಹಾಲಿನ ವ್ಯವಸ್ಥೆ ಹೇಳಬೇಕು. ಟೆಂಟಿನೊಳಗೆ ಫ್ರಿಜ್ ಇರುವುದು ಅಪರೂಪ. ಇನ್ಸುಲಿನ್ ಊಟದ ಮನೆಯ ಫ್ರಿಜ್‌ನಲ್ಲಿಡುತ್ತಾರೆ, ಆದರೆ ರಾತ್ರಿ ಕತ್ತಲಾದ ಮೇಲೆ ಕಾವಲುಗಾರನಿಲ್ಲದೆ ಟೆಂಟಿನಿಂದ ಅಲ್ಲಿಗೆ ನಡೆಯುವ ಹಾಗಿಲ್ಲ, ಬೇಲಿಯಿಲ್ಲದ ಕ್ಯಾಂಪಿನಲ್ಲಿ ಆನೆ, ನೀರಾನೆ ಓಡಾಡುತ್ತವೆ. ಹಾಗಾಗಿ ಅಮ್ಮನ ಟೆಂಟ್ ಊಟದ ಮನೆಗೆ ಹತ್ತಿರದ್ದೇ ಆಗಬೇಕು, ಮೆಟ್ಟಿಲು ಕಡಿಮೆ ಇರಬೇಕು. ಎರಡು ಮಲಗುವ ಕೋಣೆಯ ಕುಟುಂಬ ಟೆಂಟ್ ಇದ್ದರೆ ಇನ್ನೂ ಅನುಕೂಲ. ಮಗಳಿಗೆ ಹನ್ನೊಂದು ಎಂದಿರಿ: ಹಲವು ಕ್ಯಾಂಪ್‌ಗಳು 12 ತುಂಬದ ಮಕ್ಕಳನ್ನು ನಡಿಗೆ ಸಫಾರಿಗೆ ಬಿಡುವುದಿಲ್ಲ. ಅವಳ ಹುಟ್ಟುಹಬ್ಬ ಯಾವ ತಿಂಗಳು ನೋಡಿ, ಅಲ್ಲಿ ಹೋದ ಮೇಲೆ ಅವಳು ಅಳುವಂತಾಗಬಾರದು.

ಒಮ್ಮೆ ನಾನು ತಪ್ಪು ಮಾಡಿದ್ದೇನೆ. ಈ ಕೆಲಸದ ಮೊದಲ ವರ್ಷಗಳಲ್ಲಿ ಒಂದು ಹಿರಿಯ ದಂಪತಿಗೆ ಎಂಟು ರಾತ್ರಿಯಲ್ಲಿ ಐದು ಜಾಗ ಜೋಡಿಸಿದೆ: ಅಂಬೋಸೆಲಿ, ನೈವಾಶಾ, ಲೈಕಿಪಿಯಾ, ಮಾರಾದಲ್ಲಿ ಎರಡು. ಕಾಗದದ ಮೇಲೆ ನೋಡಲು ಚೆಂದವಿತ್ತು. ವಾಪಸ್ ಬಂದ ಆ ತಾಯಿ ಹೇಳಿದರು, ‘ಎಲ್ಲಾ ಚೆನ್ನಾಗಿತ್ತಪ್ಪ, ಬ್ಯಾಗ್ ಬಿಚ್ಚೋದು ಕಟ್ಟೋದರಲ್ಲೇ ದಿನ ಹೋಯ್ತು.’ ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಎಪ್ಪತ್ತರ ಆಸುಪಾಸಿನವರಿಗೆ ಈಗ ನಾನು ಎಂಟು ರಾತ್ರಿಗೆ ಎರಡೇ ಜಾಗ ಇಡುತ್ತೇನೆ, ಜೊತೆಗೆ ಬಂದಿಳಿದ ದಿನ ನೈರೋಬಿಯಲ್ಲಿ ಒಂದು ರಾತ್ರಿ ಸುಮ್ಮನೆ ವಿಶ್ರಾಂತಿ. ನಿಮ್ಮ ವಿಷಯದಲ್ಲಿ ಮಾರಾ ಜೊತೆಗೆ ಲೈಕಿಪಿಯಾದ ಓಲ್ ಪೆಜೆಟಾ ವನ್ಯಧಾಮ ಸಾಕು. ಜಗತ್ತಿನಲ್ಲಿ ಉಳಿದಿರುವ ಎರಡೇ ಎರಡು ಉತ್ತರದ ಬಿಳಿ ಘೇಂಡಾಮೃಗಗಳು, ತಾಯಿ ನಾಜಿನ್ ಮತ್ತು ಮಗಳು ಫಾತು, ಇರುವುದು ಅಲ್ಲಿ. ಕೊನೆಯ ಗಂಡು ಸುಡಾನ್ 2018ರ ಮಾರ್ಚ್‌ನಲ್ಲಿ ಸತ್ತಿತು. ಕಾಡನ್ನು ಪ್ರೀತಿಸುವ ಮನುಷ್ಯನಿಗೆ ಆ ಬೇಲಿಯ ಪಕ್ಕ ನಿಲ್ಲುವುದು ಹಗುರದ ಅನುಭವವಲ್ಲ.

ನದಿ ದಾಟುವ ದಿನಾಂಕ ಹೇಳಿ ಭರವಸೆ ಕೊಡುವವರಿಂದ ದೂರವಿರಿ. ವಿಲ್ಡಬೀಸ್ಟ್‌ಗಳು ಮಳೆಯ ಹಿಂದೆ, ಹುಲ್ಲಿನ ಹಿಂದೆ ನಡೆಯುತ್ತವೆ. ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಮಾರಾದಲ್ಲಿ ಸಿಗುವ ಸಾಧ್ಯತೆ ಹೆಚ್ಚು, ಅಷ್ಟೇ. ದಡದಲ್ಲಿ ನಾಲ್ಕು ಗಂಟೆ ನಿಂತು ವಾಪಸ್ ಹೋಗುವ ಹಿಂಡುಗಳನ್ನು ನಾನು ನೋಡಿದ್ದೇನೆ.

ಇನ್ನು, ಏನಾದರೂ ಕೆಟ್ಟದ್ದಾದಾಗ ಫೋನ್ ಎತ್ತುವವರು ಯಾರು? 2024ರ ಮೇ ತಿಂಗಳ ಆರಂಭದಲ್ಲಿ ತಾಲೆಕ್ ನದಿ ಉಕ್ಕಿ ಮಾರಾದ ಹಲವು ಕ್ಯಾಂಪ್‌ಗಳಿಗೆ ನೀರು ನುಗ್ಗಿತು, ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ಸಾಗಿಸಬೇಕಾಯಿತು. ಅಂಥ ಹೊತ್ತಿನಲ್ಲಿ ಬುಕಿಂಗ್ ಆ್ಯಪ್‌ನ ಸಹಾಯವಾಣಿ ಸಂಗೀತ ಕೇಳಿಸುತ್ತದೆ. ಸಲಹೆಗಾರರನ್ನು, ನೈರೋಬಿಯಲ್ಲಿ ತಮ್ಮ ಗ್ರೌಂಡ್ ಹ್ಯಾಂಡ್ಲರ್, ಅಂದರೆ ಅಲ್ಲಿದ್ದು ಎಲ್ಲ ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಯವರು ಯಾರು, ಅವರು ಕೀನ್ಯಾದ ಟೂರ್ ಆಪರೇಟರುಗಳ ಸಂಘ ‘ಕಾಟೋ’ ಸದಸ್ಯರೇ, ಮಧ್ಯರಾತ್ರಿ ಎರಡು ಗಂಟೆಗೆ ಕರೆ ಮಾಡಿದರೆ ಎತ್ತುವವರ ಹೆಸರೇನು ಎಂದು ಕೇಳಿ. ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್‌ನ ಏರ್ ಆಂಬುಲೆನ್ಸ್ ರಕ್ಷಣೆ ಕ್ಯಾಂಪಿನ ದರದಲ್ಲಿ ಸೇರಿದೆಯೇ, ಇಲ್ಲದಿದ್ದರೆ ಬೇರೆಯಾಗಿ ಕೊಡಿಸುತ್ತಾರೆಯೇ ಎಂಬುದನ್ನೂ ಕೇಳಿ. ಪ್ರಯಾಣ ವಿಮೆಯಲ್ಲಿ ಅಮ್ಮನ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕ್ಲೇಮು ಬಿದ್ದುಹೋಗುತ್ತದೆ.

ತೆರಿಗೆಯ ಬಗ್ಗೆ ಎರಡು ಮಾತು. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡಾಗ ಮಾರುವವರು ಟಿಸಿಎಸ್, ಅಂದರೆ ಮುಂಗಡವಾಗಿ ಹಿಡಿಯುವ ತೆರಿಗೆ, ವಸೂಲಿ ಮಾಡಬೇಕು. 2023ರ ಅಕ್ಟೋಬರ್‌ನಿಂದ 7 ಲಕ್ಷ ಮೀರಿದ ಭಾಗಕ್ಕೆ ಅದು ಶೇ 20 ಆಗಿತ್ತು, 2025ರ ಏಪ್ರಿಲ್‌ನಿಂದ ಮಿತಿ 10 ಲಕ್ಷಕ್ಕೇರಿತ್ತು, 2026ರ ಬಜೆಟ್ ಮಿತಿಯನ್ನೇ ತೆಗೆದು ದರವನ್ನು ಶೇ 2ಕ್ಕೆ ಇಳಿಸಿತು. ಬಜೆಟ್‌ನಿಂದ ಬಜೆಟ್‌ಗೆ ಬದಲಾಗುವ ದರ ಇದು, ದುಡ್ಡು ಕಟ್ಟುವ ದಿನದ್ದನ್ನೇ ಕೇಳಿಕೊಳ್ಳಿ. ಇದು ಖರ್ಚಲ್ಲ, ನಿಮ್ಮ ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ ಇಲ್ಲವೇ ವಾಪಸ್ ಬರುತ್ತದೆ. ಹಾಗಾಗಿ ಹಣ ಕಟ್ಟುವವರ ಪ್ಯಾನ್ ನಂಬರೇ ಬಿಲ್ಲಿನಲ್ಲಿರಲಿ, ಆಮೇಲೆ ನಿಮ್ಮ ಹೆಸರಿನ ತೆರಿಗೆ ಜಮೆಯ ಪಟ್ಟಿ 26ಎಎಸ್‌ನಲ್ಲಿ ಬಂದಿದೆಯೇ ನೋಡಿ. ಜಿಎಸ್‌ಟಿ ಮಾತ್ರ ಖರ್ಚೇ. ‘ಬಿಲ್ ಇಲ್ಲದೆ ಮಾಡಿಕೊಡುತ್ತೇನೆ’ ಎನ್ನುವವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಎಲ್ಲ ಪ್ರವಾಸಕ್ಕೂ ಸಲಹೆಗಾರರು ಬೇಕೆಂದು ನಾನು ಹೇಳುವುದಿಲ್ಲ. ದುಬೈ, ಸಿಂಗಪುರ, ಒಂದೇ ರೆಸಾರ್ಟಿನಲ್ಲಿ ನಾಲ್ಕು ದಿನ ಎಂದರೆ ನೀವೇ ಮಾಡಿಕೊಳ್ಳಿ, ಶುಲ್ಕ ದಂಡ. ಆದರೆ ಎಪ್ಪತ್ತರ ಅಪ್ಪ, ಇನ್ಸುಲಿನ್ ತೆಗೆದುಕೊಳ್ಳುವ ಅಮ್ಮ, ಹನ್ನೊಂದರ ಮಗಳು, ಸಣ್ಣ ವಿಮಾನ, ಬೇಲಿಯಿಲ್ಲದ ಕ್ಯಾಂಪು ಎಂದಾಗ ಮೇಲಿನ ಪ್ರಶ್ನೆಗಳಿಗೆಲ್ಲ ಉತ್ತರವಿರುವವರಿಗೆ 40,000 ಕೊಡುವುದು ನ್ಯಾಯವಾದ ಬೆಲೆ. ಆಗಸ್ಟ್‌ನ ಒಳ್ಳೆಯ ಕ್ಯಾಂಪ್‌ಗಳಲ್ಲಿ ಇರುವುದೇ ಹತ್ತು-ಹನ್ನೆರಡು ಟೆಂಟು, ವರ್ಷದ ಮೊದಲೇ ತುಂಬುತ್ತವೆ. ವೈದ್ಯರ ಭೇಟಿಯನ್ನು ಇದೇ ವಾರ ಮಾಡಿ.

ಆಮೇಲೆ ಸಲಹೆಗಾರರ ಜೊತೆಗಿನ ಮೊದಲ ಕರೆಯಲ್ಲಿ ಅಪ್ಪ-ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅನಿರೀಕ್ಷಿತವಾಗಿರಲಿ ಎಂದು ಮುಚ್ಚಿಡಬೇಡಿ. ಆ ಸಲಹೆಗಾರರು ನಿಮ್ಮ ಬಜೆಟ್ ಕೇಳುವ ಮುನ್ನ ಅಪ್ಪನತ್ತ ತಿರುಗಿ, ಕಬಿನಿಯಲ್ಲಿ ಅವರು ಮರೆಯಲಾಗದ ದಿನ ಯಾವುದು ಎಂದು ಕೇಳಿದರೆ ದುಡ್ಡು ಕಟ್ಟಿ.